ಜಗಲಿಯಲ್ಲೇ ನಿಂತ ಪಾತ್ರಗಳು: ಒಂದು ಹಸ್ತಪ್ರತಿಗೆ ಸಂಪಾದಕನ ಉತ್ತರ

ಮಾನ್ಯರೇ,

ನಿಮ್ಮ ಕಾದಂಬರಿಯ ಹಸ್ತಪ್ರತಿ ಕೈಸೇರಿ ಎರಡು ತಿಂಗಳು ಮೀರಿತು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಇಡೀ ಕೃತಿಯನ್ನು ಎರಡು ಬಾರಿ ಓದಿದೆ. ಎಂಟನೆಯ ಅಧ್ಯಾಯವನ್ನು ಮಾತ್ರ ನಾಲ್ಕು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಈ ಮಾತನ್ನು ಪತ್ರದ ಕೊನೆಗೆ ಇಟ್ಟು ನಿಮ್ಮನ್ನು ಕಾಯಿಸುವುದು ಸರಿಯಲ್ಲವೆಂದು ಮೊದಲೇ ಹೇಳಿದ್ದೇನೆ. ಆದರೆ ಬೇಡವೆಂದು ಎರಡು ಸಾಲು ಬರೆದು ಮುಗಿಸುವಂಥ ಹಸ್ತಪ್ರತಿಯೂ ಇದಲ್ಲ, ಆದ್ದರಿಂದಲೇ ಈ ದೀರ್ಘ ಪತ್ರ.

ಹಸ್ತಪ್ರತಿಯೊಂದಿಗೆ ಕಳಿಸಿದ ಒಕ್ಕಣೆಯಲ್ಲಿ ನೀವು, ‘ತಂದೆತಾಯಿ ಬೇರೆಯಾಗುವ ಕಥೆಯ ಮೂಲಕ ಕಾಸರಗೋಡಿನ ಸಪ್ತಭಾಷಾ ವೈವಿಧ್ಯವನ್ನು ಪ್ರತಿನಿಧಿಸಲು ಯತ್ನಿಸಿದ್ದೇನೆ’ ಎಂದು ಬರೆದಿದ್ದೀರಿ. ಉದ್ದೇಶ ಒಳ್ಳೆಯದು. ಆದರೆ ನನ್ನ ತಕರಾರೆಲ್ಲ ಇರುವುದು ಆ ‘ಪ್ರತಿನಿಧಿಸಲು’ ಎಂಬ ಪದದ ಮೇಲೆಯೇ. ಬದಿಯಡ್ಕದ ಆಚೆಗಿನ ಒಂದು ಹಳ್ಳಿಯಲ್ಲಿ ವಾರಿಜ ಮತ್ತು ದಯಾನಂದ ರೈಗಳ ಸಂಸಾರ ಮುರಿಯುತ್ತದೆ. ಹನ್ನೊಂದು ವರ್ಷದ ಅನಘ ಅದನ್ನು ನೋಡುತ್ತಾಳೆ. ಅದು ಒಳಮನೆಯ ಕಥೆ. ಜಗಲಿಯಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು, ಒಬ್ಬ ಮಲಯಾಳಿ ವಕೀಲ, ಕೊರಗ ಬುಡಕಟ್ಟಿನ ಒಬ್ಬ ಮುದುಕಿ, ಎಂಡೋಸಲ್ಫಾನ್ ಕೀಟನಾಶಕದಿಂದ ಹಾಸಿಗೆ ಹಿಡಿದ ಒಬ್ಬ ಹುಡುಗ ಸರದಿಯಲ್ಲಿ ಬಂದು ನಿಲ್ಲುತ್ತಾರೆ, ಒಂದೊಂದು ಅಧ್ಯಾಯದ ಕೆಲಸ ಮುಗಿಸಿ ಇಳಿದು ಹೋಗುತ್ತಾರೆ. ಅವರಲ್ಲಿ ಯಾರೊಬ್ಬರನ್ನು ತೆಗೆದುಹಾಕಿದರೂ ವಾರಿಜಳ ಸಂಸಾರ ಮುರಿಯುವ ರೀತಿಯಲ್ಲಿ ಏನೂ ಬದಲಾಗುವುದಿಲ್ಲ. ಗಣರಾಜ್ಯೋತ್ಸವದ ಟ್ಯಾಬ್ಲೋದಲ್ಲಿ ಪಾತ್ರಗಳು ನಿಲ್ಲುವುದೂ ಹೀಗೆಯೇ.

ಎಂಟನೆಯ ಅಧ್ಯಾಯದಿಂದಲೇ ಮಾತು ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಶಕ್ತಿ ಇರುವುದೂ ಅಲ್ಲೇ, ನೀವು ಅದನ್ನು ಕೈಬಿಟ್ಟಿರುವುದೂ ಅಲ್ಲೇ. ವಿದ್ಯಾನಗರದ ನ್ಯಾಯಾಲಯದ ಮೊಗಸಾಲೆಯಲ್ಲಿ ಅನಘ ಅಮ್ಮನ ಕಡತವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ. ಮಳೆಗೆ ನೆನೆದ ಕಡತದ ದಾರ ಬಣ್ಣ ಬಿಟ್ಟು ಅವಳ ಬಿಳಿ ಸಮವಸ್ತ್ರದ ಮೇಲೆ ಕೆಂಪು ಗೆರೆ ಮೂಡಿದೆ. ಅದನ್ನು ಅಪ್ಪ ನೋಡಬಾರದೆಂದು ಅವಳು ಕೈಯಡ್ಡ ಇಟ್ಟಿದ್ದಾಳೆ. ಇದನ್ನು ಬರೆದವರಿಗೆ ಬರೆಯಲು ಗೊತ್ತು. ಅದರ ಮರುಪುಟದಲ್ಲಿಯೇ ಆಪ್ತಸಮಾಲೋಚಕಿ ಮಗುವನ್ನು ಒಳಗೆ ಕರೆದು, ‘ಮಗೂ, ನಿನಗೆ ಯಾರೊಡನೆ ವಾಸಿಸಲು ಇಷ್ಟ?’ ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಕೇಳುತ್ತಾಳೆ. ಅಲ್ಲಿಗೆ ನಾನು ಪೆನ್ಸಿಲನ್ನು ಕೆಳಗಿಟ್ಟೆ. ಕೇರಳದ ಕೆಳಹಂತದ ನ್ಯಾಯಾಲಯಗಳ ವ್ಯವಹಾರ ನಡೆಯುವುದು ಇಂಗ್ಲಿಷ್ ಮತ್ತು ಮಲಯಾಳಗಳಲ್ಲಿ. ನಿಮ್ಮ ಅನಘ ಮನೆಯಲ್ಲಿ ತುಳು ಆಡುವವಳು, ಶಾಲೆಯಲ್ಲಿ ಕನ್ನಡ ಓದುವವಳು, ಮಲಯಾಳವನ್ನು ಬಸ್ಸಿನ ಕಂಡಕ್ಟರನಿಂದ, ಅಂಗಡಿಯ ಬೋರ್ಡುಗಳಿಂದ ಅಷ್ಟಿಷ್ಟು ಹೆಕ್ಕಿಕೊಂಡವಳು. ಅವಳ ಕಿವಿಗೆ ಬೀಳಬೇಕಾದುದು ‘ಆರುಡೆ ಕೂಡೆ ಪೋಣಂ?’ ಎಂಬ ಪ್ರಶ್ನೆ. ‘ಪೋಣಂ’ ಎಂಬುದು ತುಳುವಿನ ‘ಪೋವೊಡು’ವಿಗೆ ಎಷ್ಟು ಹತ್ತಿರವೆಂದರೆ ಮಗುವಿಗೆ ಹೋಗಬೇಕೆನ್ನುವುದು ಮೊದಲು ಅರ್ಥವಾಗುತ್ತದೆ, ಯಾರ ಜೊತೆ ಎನ್ನುವುದು ಆಮೇಲೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಅನಘ ಬೆಳೆದದ್ದು ಅಜ್ಜಿಯ ಬಾಯಿಯ ಹಳೆಯ ತುಳುವಿನಲ್ಲಿ ಎಂದು ಎರಡನೆಯ ಅಧ್ಯಾಯದಲ್ಲಿ ನೀವೇ ಹೇಳಿದ್ದೀರಿ. ಆ ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಈಗಿನ ಮಕ್ಕಳು ಪಪ್ಪ, ಮಮ್ಮಿ ಎನ್ನುತ್ತಾರೆ, ನಿಜ; ಆದರೆ ಗಾಬರಿಯಾದ ಮಗುವಿನ ಬಾಯಿಗೆ ಬರುವುದು ಎಲ್ಲಕ್ಕಿಂತ ಮೊದಲು ಕಲಿತ ಮಾತು. ಅವಳು ‘ಅಮ್ಮೆರೆ ಒಟ್ಟುಗು’ ಎಂದು ಗೊಣಗಿದರೆ ಅವಳು ಹೇಳಿದ್ದು ತಂದೆಯನ್ನು, ಎದುರು ಕುಳಿತ ಮಲಯಾಳಿ ಹೆಂಗಸು ಕೇಳಿಸಿಕೊಂಡದ್ದು ಅಮ್ಮನನ್ನು. ಏಳು ಭಾಷೆಗಳ ನಾಡೆಂದು ನಾವು ವೇದಿಕೆಗಳಲ್ಲಿ ಎದೆಯುಬ್ಬಿಸಿ ಹೇಳುವ ಮಾತಿನ ನಿಜವಾದ ಭಾರ ಈ ಒಂದು ಕೋಣೆಯಲ್ಲಿ, ಈ ಒಂದು ಪದದ ಮೇಲೆ ಬೀಳುತ್ತದೆ. ಇದನ್ನು ಕಥೆಯ ತಿರುವಿಗಾಗಿ ಹೂಡಿದ ತಂತ್ರದಂತೆ ಬಳಸಬೇಡಿ. ತಪ್ಪು ತಿಳಿವಳಿಕೆಯ ಮೇಲೆ ಇಡೀ ತೀರ್ಪನ್ನು ನಿಲ್ಲಿಸಿದರೆ ಅದು ಸಿನಿಮಾ ಆಗುತ್ತದೆ. ಒಂದು ಕ್ಷಣದ ಮಟ್ಟಿಗೆ ಹಾಗಾಗಲಿ, ಮತ್ತೆ ಯಾರೋ ಸರಿಪಡಿಸಲಿ, ಆದರೆ ಆ ಕ್ಷಣದಲ್ಲಿ ತನ್ನ ಮಾತಿಗೆ ಅಮ್ಮ ಸಂತೋಷಪಟ್ಟದ್ದನ್ನು ಮಗು ನೋಡಿರಲಿ. ಅದನ್ನು ಅವಳು ಜೀವಮಾನವಿಡೀ ಹೊತ್ತು ತಿರುಗಬಲ್ಲಳು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನೆರೆಮನೆಯ ಒಬ್ಬರು ಅತ್ತೆಯ ಜೊತೆಗೆ, ನನಗೆ ಮಲಯಾಳ ಬರುತ್ತದೆಂಬ ಒಂದೇ ಕಾರಣಕ್ಕೆ, ಇಂಥದೇ ವ್ಯಾಜ್ಯವೊಂದಕ್ಕೆ ದುಭಾಷಿಯಾಗಿ ಹೋಗಿದ್ದೆ. ಗಂಡನ ಕಡೆಯ ಆರೋಪಗಳನ್ನು ಅವರಿಗೆ ಕನ್ನಡದಲ್ಲಿ ಹೇಳಬೇಕಾಗಿತ್ತು. ಅರ್ಧದಷ್ಟನ್ನು ನಾನು ಹೇಳಲಿಲ್ಲ. ಅವರಿಗೂ ಅದು ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ಮಲಯಾಳಿ ವಕೀಲ ಸುಧಾಕರನ್ ನಿಮ್ಮ ಕಥೆಯಲ್ಲಿ ಮೀಸೆ ತಿರುವುವ ಖಳನಾಗಿದ್ದಾನೆ. ಸಿಟ್ಟಿನ ಮೂಲ ನನಗೆ ಗೊತ್ತು. ನಾನೂ ಇದೇ ಮಣ್ಣಿನವನು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು. ವರದಿ ವರದಿಯಾಗಿಯೇ ಉಳಿಯಿತು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗಲೆಲ್ಲ ಆ ಗಾಯ ಮತ್ತೆ ಕೆರೆಯುತ್ತದೆ. ಆದರೆ ಆ ಚರಿತ್ರೆಯ ಲೆಕ್ಕವನ್ನೆಲ್ಲ ಒಬ್ಬ ಸಿವಿಲ್ ವಕೀಲನ ತಲೆಗೆ ಕಟ್ಟಿದರೆ ಆತನೂ ಮನುಷ್ಯನಾಗುವುದಿಲ್ಲ, ನಮ್ಮ ಅಳಲೂ ಓದುಗನಿಗೆ ತಲುಪುವುದಿಲ್ಲ. ನಿಮ್ಮಲ್ಲಿಯೇ ಅದಕ್ಕಿಂತ ಬಲವಾದ ಚಿತ್ರವೊಂದಿದೆ, ನೀವು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ: ಓದಲಾಗದ ಮಲಯಾಳದ ಒಂದು ಹಾಳೆಯ ಅಡಿಯಲ್ಲಿ ವಾರಿಜ ಕನ್ನಡದಲ್ಲಿ ‘ವಾರಿಜಾಕ್ಷಿ’ ಎಂದು ಗುಂಡಗೆ ರುಜು ಹಾಕುತ್ತಾಳೆ. ಹೆಬ್ಬೆಟ್ಟು ಒತ್ತುವವರ ಅಸಹಾಯಕತೆಯ ಬಗ್ಗೆ ಸಾಕಷ್ಟು ಬರೆದಾಗಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ದರ್ಜೆ ಬಂದ ಹೆಂಗಸೊಬ್ಬಳು ತನ್ನದೇ ಊರಿನಲ್ಲಿ, ತನ್ನ ಬದುಕಿನ ಕಾಗದದ ಎದುರು ನಿರಕ್ಷರಿಯಾಗುವುದು ಬೇರೆಯೇ ಸಂಗತಿ. ಅಲ್ಲಿ ಸುಧಾಕರನ್ ಆ ಹಾಳೆಯನ್ನು ತನಗೆ ಬರುವಷ್ಟು ಕನ್ನಡದಲ್ಲಿ ಓದಿ ಹೇಳಲು ಪ್ರಯತ್ನಪಡಲಿ, ಒಂದು ಪದಕ್ಕೆ ತಡವರಿಸಲಿ. ಮಲಯಾಳದಲ್ಲಿ ಅದು ‘ವಿವಾಹಮೋಚನಂ’, ಬಿಡುಗಡೆ. ಕನ್ನಡದಲ್ಲಿ ‘ವಿಚ್ಛೇದನ’, ಕಡಿದು ಬೇರೆ ಮಾಡುವುದು. ಅಜ್ಜಿಯ ಬಾಯಲ್ಲಿ ಅದು ಬರಿಯ ‘ಬಿಟ್ಟು ಬಂದದ್ದು’. ಒಂದೇ ಘಟನೆಗೆ ಈ ಮೂರು ಹೆಸರುಗಳನ್ನು ಒಂದೇ ವಾರದಲ್ಲಿ ಕೇಳುವ ಮಗು ಕಾಸರಗೋಡಿನಲ್ಲಿ ಇರಬಲ್ಲಳು, ಅವಳು ನಿಮ್ಮ ಕೈಯಲ್ಲಿದ್ದಾಳೆ, ನೀವು ಅವಳಿಂದ ಚಿಟ್ಟೆ ಹಿಡಿಸುತ್ತಿದ್ದೀರಿ.

ಇನ್ನು ಮನೆಯ ವಿಚಾರ. ಇದು ನನಗೆ ಅತ್ಯಂತ ಗಂಭೀರವಾಗಿ ಕಂಡ ದೋಷ. ಮೂರನೆಯ ಅಧ್ಯಾಯದಲ್ಲಿ ದಯಾನಂದನ ತಾಯಿ ಸೊಸೆಗೆ, ‘ನೀನು ಬೇಕಾದರೆ ತವರಿಗೆ ಹೋಗು, ಅನಘ ಈ ಮನೆತನದ ಕುಡಿ, ಅವಳು ಇಲ್ಲೇ ಇರುತ್ತಾಳೆ’ ಎನ್ನುತ್ತಾಳೆ. ಈ ಮಾತನ್ನು ನೀವು ಟಿವಿಯ ಧಾರಾವಾಹಿಗಳಿಂದ ಎತ್ತಿಕೊಂಡಿದ್ದೀರಿ, ರೈಗಳಂಥ ಬಂಟರ ಮನೆಯಿಂದ ಅಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಲೆಕ್ಕದಲ್ಲಿ ಮಗನ ಮಗಳು ಅಜ್ಜಿಯ ಕುಟುಂಬಕ್ಕೆ ಸೇರಿದವಳೇ ಅಲ್ಲ. ಅನಘಳ ಬಳಿ, ಅಂದರೆ ಕುಲದ ಗುರುತು, ಅವಳ ತಾಯಿಯ ಬಳಿ, ಅವಳ ತರವಾಡು, ಅಂದರೆ ಮೂಲಮನೆ, ತಾಯಿಯ ತರವಾಡು, ಅವಳು ಕೈಮುಗಿಯಬೇಕಾದ ಧರ್ಮದೈವ ತಾಯಿಯ ಮನೆಯ ಭಂಡಾರದಲ್ಲಿರುವ ದೈವ. ಆ ಕಟ್ಟಿನೊಳಗೆ ಹೆಣ್ಣು ತವರಿಗೆ ಮರಳುವುದೆಂದರೆ ಹೊರದಬ್ಬಿಸಿಕೊಂಡು ಬರುವುದಲ್ಲ, ತನ್ನ ಹಕ್ಕಿನ ಮನೆಗೆ ಬರುವುದು. ಅಲ್ಲಿ ಅತಿಥಿಯಾಗಿರುವವನು ಗಂಡ.

ಈಗ ಹಾಗಿಲ್ಲವಲ್ಲ ಎಂದು ನೀವು ವಾದಿಸಬಹುದು. ಒಪ್ಪುತ್ತೇನೆ. 1949ರಲ್ಲಿ ಮದರಾಸು ಸರಕಾರ ಮಾಡಿದ ಅಳಿಯಸಂತಾನ ಕಾಯಿದೆ ಕೇರಳದಲ್ಲಿ ಈಗ ಊರ್ಜಿತವಿಲ್ಲ. ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನು ರದ್ದುಗೊಳಿಸುವ 1975ರ ಕೇರಳದ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಮೇಲೆ ಹುಟ್ಟಿನಿಂದ ಬರುವ ಕೂಡುಹಕ್ಕು ಹೋಯಿತು, ಆಸ್ತಿ ಪಾಲಾಯಿತು, ಗಂಡಸರು ತಮ್ಮ ಹೆಸರಿನಲ್ಲಿ ತಾರಸಿ ಮನೆ ಕಟ್ಟಿಸಿದರು, ಹೆಂಡತಿ ಮಕ್ಕಳು ಆ ಮನೆಗೆ ಬಂದರು. ಆದ್ದರಿಂದ ದಯಾನಂದನ ತಾಯಿ ಆ ಮಾತನ್ನು 2021ರಲ್ಲಿ ಖಂಡಿತ ಆಡಬಹುದು. ಆಡುವಾಗ ಮಾತ್ರ ಆಕೆಗೆ, ಅಥವಾ ಪಕ್ಕದಲ್ಲಿರುವ ಯಾರಿಗಾದರೂ, ತಾನು ಏನನ್ನು ಮರೆತು ಆಡುತ್ತಿದ್ದೇನೆಂಬುದು ಚುಚ್ಚಬೇಕು. ತನ್ನ ಜೀವನವಿಡೀ ತಾಯಿಮನೆಯ ಬಲದಿಂದ ತಲೆಯೆತ್ತಿ ನಡೆದ ಹೆಂಗಸು ಸೊಸೆಗೆ ತಾಯಿಮನೆಯನ್ನು ಶಿಕ್ಷೆಯೆಂಬಂತೆ ತೋರಿಸುವ ಆ ಗಳಿಗೆಯಲ್ಲಿ ಅರ್ಧ ಶತಮಾನದ ಬದಲಾವಣೆ ಇದೆ. ದೈವಕ್ಕೆ ಸೇವೆ ಸಲ್ಲಿಸುವ ತಂಬಿಲದ ದಿನ ಮಗುವನ್ನು ಯಾವ ಮನೆಗೆ ಕರೆದೊಯ್ಯುವುದೆಂಬ ಜಗಳವನ್ನು ಬರೆದು ನೋಡಿ. ಕಾನೂನು ಬದಲಾದರೂ ದೈವದ ಚಾವಡಿಯಲ್ಲಿ ಹೆಸರು ಕರೆಯುವ ಕ್ರಮ ಬದಲಾಗಿಲ್ಲ. ಅಲ್ಲಿ ದಯಾನಂದ ಮಗಳ ಕೈಹಿಡಿದು ನಿಲ್ಲಲು ತಾವಿಲ್ಲದ ಗಂಡಸು. ನಿಮ್ಮ ಕಥೆಯುದ್ದಕ್ಕೂ ಬರಿಯ ಕೋಪಿಷ್ಠನಾಗಿರುವ ಅವನ ಮೇಲೆ ನನಗೆ ಮೊದಲ ಬಾರಿ ಮರುಕ ಹುಟ್ಟಬಹುದಾದ ಜಾಗ ಅದು.

ಜಾತಿಯ ಹೆಸರೊಂದನ್ನು ಇಟ್ಟು ಒಳಗಿನ ಸಂಸಾರವನ್ನು ಎಲ್ಲಿಂದಲೋ ತಂದು ತುಂಬಿಸುವುದು ಪ್ರತಿನಿಧಿಸುವುದಲ್ಲ. ಇದೇ ಕಥೆ ಕುಂಬಳೆ ಸೀಮೆಯ ಹವ್ಯಕರ ಮನೆಯಲ್ಲಿ ನಡೆದಿದ್ದರೆ ಹೊರಗೆ ಹೋಗುವವರು ಬೇರೆ, ಮಾತು ಬೇರೆ, ಮೌನವೂ ಬೇರೆ. ಬೇಳದ ಇಗರ್ಜಿಯ ಕೊಂಕಣಿ ಕ್ರೈಸ್ತರ ಮನೆಯಲ್ಲಾದರೆ ಮೊದಲು ತಿಳಿಯುವುದು ಪಾದ್ರಿಗೆ. ವಾರಿಜಳನ್ನು ಯಾರ ಮನೆಯ ಹೆಣ್ಣಾಗಿ ಬೇಕಾದರೂ ಬರೆಯಿರಿ. ಆ ಮನೆಯಲ್ಲಿ ಬೇರೆಯಾಗುವುದು ಹೇಗೆ ನಡೆಯುತ್ತದೆಂದು ತಿಳಿದು ಬರೆಯಿರಿ.

ಬ್ಯಾರಿ ಹೆಂಗಸು ಐಸಮ್ಮನ ವಿಷಯಕ್ಕೆ ಬರುತ್ತೇನೆ. ವಾರಿಜ ಅತ್ತಾಗಲೆಲ್ಲ ಬೇಲಿ ದಾಟಿ ಅಕ್ಕಿರೊಟ್ಟಿಯಂಥ ಪತ್ತಿರಿ ತರುವುದು, ತಪ್ಪುತಪ್ಪು ಕನ್ನಡ ಮಾತಾಡಿ ನಗಿಸುವುದು, ಗಲ್ಫಿನಿಂದ ಗಂಡ ಫೋನಿನಲ್ಲಿ ಮೂರು ಸಲ ತಲಾಖ್ ಹೇಳಿದ್ದನ್ನು ನೆನೆದು ‘ನಿಮ್ಮದು ಎಷ್ಟೋ ವಾಸಿ ಅಕ್ಕ’ ಎನ್ನುವುದು, ಇಷ್ಟೇ ಅವಳ ಪಾಲು. ಮೊದಲನೆಯದಾಗಿ, ಆ ಕಡೆಯ ಬ್ಯಾರಿ ಹೆಂಗಸರು ನೆರೆಯವರೊಂದಿಗೆ ತುಳುವಿನಲ್ಲಿ ಮಾತಾಡುತ್ತಾರೆ, ಅದೂ ನಮ್ಮ ಪೇಟೆಯ ಮಕ್ಕಳಿಗಿಂತ ಚೆನ್ನಾಗಿ. ಎರಡನೆಯದು ಕಾಲದ ಪ್ರಶ್ನೆ. ನಿಮ್ಮ ಕಥೆ ನಡೆಯುವುದು 2021ರ ಮಳೆಗಾಲದಲ್ಲಿ, ಐಸಮ್ಮನ ತಲಾಖ್ ‘ಕಳೆದ ವರ್ಷ’ದ್ದು. ಒಂದೇ ಉಸಿರಿನ ಮೂರು ತಲಾಖ್ ಅಸಿಂಧುವೆಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಆಗಸ್ಟಿನಲ್ಲಿ. 2019ರ ಕಾಯಿದೆಯ ಪ್ರಕಾರ ಅದು ಮೂರು ವರ್ಷಗಳವರೆಗೆ ಜೈಲಾಗಬಲ್ಲ ಅಪರಾಧ. ಕಾನೂನು ಬಂದ ಮಾತ್ರಕ್ಕೆ ಫೋನುಗಳು ಮೂಕವಾಗುವುದಿಲ್ಲ, ಗೊತ್ತು. ಆದರೆ ಐಸಮ್ಮನಿಗೂ, ಅವಳ ಅಣ್ಣತಮ್ಮಂದಿರಿಗೂ, ಜಮಾಅತಿಗೂ ಆ ಸಂಗತಿ ತಿಳಿದೇ ಇಲ್ಲವೆಂಬಂತೆ ಬರೆಯುವುದು ಅವರನ್ನು ಕಾಲದಿಂದ ಹೊರಗೆ ಇಟ್ಟಂತೆ. ಇನ್ನೂ ಸ್ವಾರಸ್ಯದ ವಿಚಾರವೆಂದರೆ, ಮುಸ್ಲಿಂ ಹೆಣ್ಣು ಖುಲಾದ, ಅಂದರೆ ಹೆಂಡತಿಯೇ ಮುಂದಾಗಿ ಪಡೆಯುವ ವಿಚ್ಛೇದನದ, ಮೂಲಕ ನ್ಯಾಯಾಲಯದ ಹೊರಗೆಯೂ ವಿವಾಹದಿಂದ ಬಿಡಿಸಿಕೊಳ್ಳಬಹುದೆಂದು ಕೇರಳ ಹೈಕೋರ್ಟು ತೀರ್ಪು ಕೊಟ್ಟದ್ದು 2021ರ ಏಪ್ರಿಲಿನಲ್ಲಿ, ಅಂದರೆ ನಿಮ್ಮ ಮೊದಲ ಅಧ್ಯಾಯಕ್ಕೆ ಎರಡು ತಿಂಗಳು ಮೊದಲು. ಕಾಗದದ ಮೇಲಾದರೂ ಆ ಮಳೆಗಾಲದಲ್ಲಿ ಐಸಮ್ಮ ವಾರಿಜಳಿಗಿಂತ ಬೇಗ ಹೊರಬರಬಲ್ಲವಳಾಗಿದ್ದಳು. ಬೇಲಿಯ ಎರಡೂ ಕಡೆ ನಿಂತ ಈ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಮರುಕದಿಂದ ನೋಡುವ ಬದಲು ತುಸು ಹೊಟ್ಟೆಕಿಚ್ಚಿನಿಂದ ನೋಡಿದರೆ ನಿಮ್ಮ ಐದನೆಯ ಅಧ್ಯಾಯಕ್ಕೆ ಜೀವ ಬಂದೀತು.

ವಾರಿಜಳಿಗೆ ಎಷ್ಟು ಕಾಲ ಬೇಕಾಗುತ್ತಿತ್ತು? ನಿಮ್ಮಲ್ಲಿ ಒಂದೇ ದಿನದ ವಿಚಾರಣೆಯಲ್ಲಿ, ತುಂಬಿದ ಸಭಾಂಗಣದಲ್ಲಿ, ವಕೀಲನ ಮೂರು ಪುಟದ ಭಾಷಣದ ಬಳಿಕ ಎಲ್ಲವೂ ಇತ್ಯರ್ಥವಾಗುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ ಪ್ರಕಾರ ಮೊದಲು ರಾಜಿಗೆ ಪ್ರಯತ್ನಿಸಬೇಕು. ಪಕ್ಷಗಾರರು ಬಯಸಿದರೆ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು. ವಕೀಲರು ಹಾಜರಾಗುವುದು ಅಲ್ಲಿ ಹಕ್ಕಲ್ಲ. ನಿಮ್ಮ ದಂಪತಿಗಳು ಕೊನೆಗೆ ಪರಸ್ಪರ ಒಪ್ಪಿಗೆಯಿಂದಲೇ ಬೇರೆಯಾಗುವುದರಿಂದ ಹಿಂದೂ ವಿವಾಹ ಕಾಯಿದೆಯ 13ಬಿ ಕಲಮು ಅನ್ವಯಿಸುತ್ತದೆ: ಒಂದು ವರ್ಷ ಬೇರೆ ಬಾಳಿದ ಮೇಲೆ ಅರ್ಜಿ, ಅರ್ಜಿ ಹಾಕಿ ಆರು ತಿಂಗಳು ಕಾದ ಮೇಲೆ ಎರಡನೆಯ ಹೇಳಿಕೆ, ಈ ಆರು ತಿಂಗಳನ್ನು ನ್ಯಾಯಾಲಯ ಸಂದರ್ಭ ನೋಡಿ ಬಿಟ್ಟುಕೊಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೇರೆ ಬಾಳುವುದೆಂದರೆ ಬೇರೆ ಮನೆಯಲ್ಲಿರುವುದೇ ಆಗಬೇಕಿಲ್ಲ, ಒಂದೇ ಸೂರಿನಡಿ ಗಂಡಹೆಂಡಿರಾಗಿ ಬಾಳದಿದ್ದರೂ ಅದು ಪ್ರತ್ಯೇಕ ವಾಸವೇ ಎಂಬ ತೀರ್ಪು 1991ರದ್ದು. ಹದಿನೆಂಟು ತಿಂಗಳೆಂದರೆ ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ಎರಡು ಮಳೆಗಾಲ. ಒಂದೇ ಮನೆಯಲ್ಲಿ ಎರಡು ಒಲೆ, ನಡುವೆ ಅನಘ. ಇಷ್ಟು ಒಳ್ಳೆಯ ಕಾಲಾವಕಾಶವನ್ನು ಕಾನೂನೇ ಕಾದಂಬರಿಕಾರನಿಗೆ ಉಚಿತವಾಗಿ ಕೊಡುತ್ತಿರುವಾಗ ನೀವು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೇಕೆ?

ಹಾಸಿಗೆ ಹಿಡಿದ ಹುಡುಗನ ಬಗ್ಗೆ ಬರೆಯುವುದು ನನಗೆ ಕಷ್ಟ. ಅವನು ಬರುವುದು ಆರನೆಯ ಅಧ್ಯಾಯದ ಕೊನೆಯಲ್ಲಿ, ದಂಪತಿಗಳ ನಡುವೆ ಮಾತು ನಿಂತ ರಾತ್ರಿ. ಕಿಟಕಿಯಿಂದ ಅವನ ನರಳುವಿಕೆ ಕೇಳಿಸುತ್ತದೆ, ‘ಊರಿಗೆ ಸುರಿದ ವಿಷ ಮನೆಗೂ ಇಳಿದಿತ್ತು’ ಎಂದು ನೀವು ಅಧ್ಯಾಯ ಮುಗಿಸುತ್ತೀರಿ. ವಾಕ್ಯ ಚೆನ್ನಾಗಿದೆಯೆಂದು ನಿಮಗೆ ಅನ್ನಿಸಿರಬೇಕು. ಸರಕಾರಿ ತೋಟಗಾರಿಕಾ ನಿಗಮದ ಗೇರು ತೋಪುಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎಣ್ಮಕಜೆ, ಬೆಳ್ಳೂರು, ಮುಳಿಯಾರುಗಳ ಮನೆಗಳಲ್ಲಿ ರೂಪಕವಲ್ಲ. ಸಂತ್ರಸ್ತರಿಗೆ ಐದೈದು ಲಕ್ಷ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತ್ತು. ನಿಮ್ಮ ಕಥೆಯ 2021ರಲ್ಲಿ ಬಹುಪಾಲು ಮನೆಗಳಿಗೆ ಆ ಹಣ ಮುಟ್ಟಿರಲಿಲ್ಲ. ಆ ಹುಡುಗನಿಗೆ ಒಂದು ಹೆಸರಿದೆಯೆ? ವಿಶೇಷ ಚೇತನ ಮಕ್ಕಳ ಬಡ್ಸ್ ಶಾಲೆಗೆ ಅವನನ್ನು ಎತ್ತಿಕೊಂಡು ಹೋಗುವವರಾರು? ಅವನ ತಂದೆ ಎಲ್ಲಿ? ನಿಮ್ಮ ವಸ್ತು ತಂದೆತಾಯಿ ಬೇರೆಯಾಗುವುದಾದರೆ ಇಂಥ ಮಗುವಿರುವ ಮನೆಯಲ್ಲಿ ಒಬ್ಬರು ಎದ್ದುಹೋದಾಗ ಏನಾಗುತ್ತದೆಂಬುದು ವಾರಿಜಳ ಕಥೆಗಿಂತ ದೊಡ್ಡ ಕಥೆ, ಅದನ್ನು ಬರೆಯುವ ಧೈರ್ಯವಿದ್ದರೆ ಬರೆಯಿರಿ. ಅವನು ಅನಘಳ ಸ್ವಂತ ಅಣ್ಣನಾಗಿದ್ದರೆ ಆ ಕೊನೆಯ ಸಾಲನ್ನು ಹೀಗೆಯೇ ಬರೆಯುತ್ತಿದ್ದಿರಾ ಎಂದು ಮಾತ್ರ ಒಮ್ಮೆ ಕೇಳಿಕೊಳ್ಳಿ. ಬರೆಯಲಾರಿರೆಂದಾದರೆ ನರಳುವಿಕೆಯನ್ನು ಅಳಿಸಿಬಿಡಿ. ಆ ರಾತ್ರಿಗೆ ಮಳೆಯ ಸದ್ದೇ ಸಾಕು.

ಬುಟ್ಟಿ ಹೆಣೆಯುವ ಕೊರಗ ಮುದುಕಿ ಬಂದು ಬೇರು, ಬಳ್ಳಿ, ಬಂಧಗಳ ಬಗ್ಗೆ ಹೇಳುವ ಹಿತವಚನವನ್ನು ಪೂರ್ತಿ ತೆಗೆಯಿರಿ. ಆಕೆ ಬಂದದ್ದು ಬುಟ್ಟಿ ಮಾರಲು. ಬೆಲೆಗೆ ಚೌಕಾಶಿ ಮಾಡಿ ಹೋಗಲಿ.

ಹೀಗೆ ಒಬ್ಬೊಬ್ಬರನ್ನು ತೆಗೆದರೆ ಕಾಸರಗೋಡಿನ ವೈವಿಧ್ಯ ಎಲ್ಲಿ ಉಳಿಯಿತು ಎಂದು ನೀವು ಕೇಳಬಹುದು. ಸಮುದಾಯಗಳ ಎಣಿಕೆ ಕಡಿಮೆಯಾದೀತು, ಬೇಸರಿಸಬೇಡಿ. ತುಳು ಆಡುವ ಮಗುವನ್ನು ಮಲಯಾಳದಲ್ಲಿ ಪ್ರಶ್ನಿಸಿ ಇಂಗ್ಲಿಷಿನಲ್ಲಿ ಬರೆದುಕೊಂಡ ಉತ್ತರವನ್ನು ಅವಳ ತಾಯಿ ಕನ್ನಡದಲ್ಲಿ ರುಜು ಹಾಕಿ ಒಪ್ಪಿಕೊಳ್ಳುವ ಒಂದು ಅಧ್ಯಾಯ ನಿಮ್ಮಲ್ಲಿದ್ದರೆ ಮಿಕ್ಕ ಭಾಷೆಗಳನ್ನು ಹೆಸರಿಸುವ ಅಗತ್ಯವೂ ಬಾರದು. ಸಂಭಾಷಣೆಯನ್ನೆಲ್ಲ ತುಳು, ಮಲಯಾಳಗಳಲ್ಲೇ ಬರೆದು ಅಡಿಟಿಪ್ಪಣಿ ಕೊಡಿರೆಂದು ನಾನು ಹೇಳುತ್ತಿಲ್ಲ. ಧಾರವಾಡದ ಓದುಗನೂ ಓದಬೇಕು. ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆಂಬುದು ನಿಮಗೆ ಪ್ರತಿ ಸಾಲಿನಲ್ಲಿಯೂ ಗೊತ್ತಿರಬೇಕು, ಭಾಷೆ ಬದಲಾಗುವ ಜಾಗ ಓದುಗನಿಗೂ ತಿಳಿಯಬೇಕು. ಜಗಳ ತುಳುವಿನಲ್ಲಿ ನಡೆದು ರಾಜಿಯ ಮಾತು ಕನ್ನಡಕ್ಕೆ ಹೊರಳಿದಾಗ ಆ ಮನೆಯಲ್ಲಿ ಸಂಬಂಧ ಮುಗಿದಿದೆಯೆಂದು ಅರ್ಥ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಹೊರಗಿನವರಿಗೆ ಒಂದು ಸಾಲು ಸಾಕು.

ಹಸ್ತಪ್ರತಿಯನ್ನು ಇದರೊಂದಿಗೆ ಮರಳಿಸುತ್ತಿದ್ದೇನೆ. ಎರಡು, ಮೂರು, ಐದು ಮತ್ತು ಎಂಟನೆಯ ಅಧ್ಯಾಯಗಳ ಅಂಚಿನಲ್ಲಿ ಪೆನ್ಸಿಲಿನ ಗುರುತುಗಳಿವೆ, ಒಪ್ಪಿಗೆಯಾಗದ್ದನ್ನು ಅಳಿಸಿಕೊಳ್ಳಿ. ಹತ್ತರಿಂದ ಹದಿಮೂರರವರೆಗಿನ ಅಧ್ಯಾಯಗಳ ಬಗ್ಗೆ ಏನೂ ಬರೆದಿಲ್ಲ, ಏಕೆಂದರೆ ಮೇಲಿನದನ್ನು ತಿದ್ದಿದರೆ ಅವು ಉಳಿಯುವುದು ಸಾಧ್ಯವಿಲ್ಲ. ತಿದ್ದಿದ ಎಂಟನೆಯ ಅಧ್ಯಾಯವೊಂದನ್ನೇ ಮೊದಲು ಕಳಿಸಿ, ಮಳೆ ಹಿಡಿಯುವುದರೊಳಗೆ ಬಂದರೆ ಒಂದು ವಾರದಲ್ಲಿ ಓದಿ ತಿಳಿಸುತ್ತೇನೆ. ಸಮವಸ್ತ್ರದ ಮೇಲಿನ ಆ ಕೆಂಪು ಗೆರೆಯನ್ನು ಮಾತ್ರ ಮುಟ್ಟಬೇಡಿ.

ಇತಿ,
ಸಂಪಾದಕ